ಮುರಿದ ಡಿಎನ್‌ಎ ತೋರಿಸುವ ಪ್ರತಿಕಾಯ: ಎರಡು ವರ್ಷ ಬಳಸಿದ ಮೇಲೆ

ಡಿಎನ್‌ಎ ಮುರಿಯುವ ಕ್ಯಾನ್ಸರ್ ಔಷಧ ಎಟೊಪೊಸೈಡ್ ಹಾಕಿ ಒಂದು ಗಂಟೆ ಬಿಟ್ಟು, ಪ್ರತಿಕಾಯದಿಂದ (ನಿರ್ದಿಷ್ಟ ಅಣುವಿಗೆ ಮಾತ್ರ ಅಂಟುವ ಪ್ರೋಟೀನ್) ಬಣ್ಣ ಹಾಕಿದ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ನೀಲಿ ಕೋಶಕೇಂದ್ರದ ಮೇಲೆ ರಾಗಿ ಚೆಲ್ಲಿದಂತೆ ಹಸಿರು ಚುಕ್ಕಿಗಳು ಕಾಣುತ್ತವೆ. ಡಿಎನ್‌ಎಯ ಎರಡೂ ಎಳೆಗಳು ತುಂಡಾದ ಜಾಗದ ಸುತ್ತ ಎಟಿಎಂ ಎಂಬ ಕಿಣ್ವವು ಎಚ್‌2ಎಎಕ್ಸ್ ಹಿಸ್ಟೋನಿನ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) 139ನೆಯ ಸ್ಥಾನದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಸೇರಿಸುತ್ತದೆ. 1998ರಲ್ಲಿ ವಿಜ್ಞಾನಿ ವಿಲಿಯಂ ಬಾನರ್ ಅವರ ತಂಡ ವರದಿ ಮಾಡಿದ ಈ ಗುರುತಿಗೆ ಗಾಮಾ ಎಚ್‌2ಎಎಕ್ಸ್ ಎಂದು ಹೆಸರು. ಅದನ್ನು ಹಿಡಿಯುವ, ಇಲಿಯಿಂದ ಪಡೆದ ಮೊನೊಕ್ಲೋನಲ್ (ಎಲ್ಲವೂ ಒಂದೇ ಬಗೆಯ) ಪ್ರತಿಕಾಯವನ್ನು ಎರಡು ವರ್ಷ ಬಳಸಿದ ಅನುಭವದಿಂದ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಚುಕ್ಕಿಗಳು ಸ್ಪಷ್ಟವಾಗಿವೆ, ಹಿನ್ನೆಲೆ ಶುಭ್ರವಾಗಿದೆ. ಮುರಿದ ಜಾಗಕ್ಕೆ ಬಂದು ಸೇರುವ ದುರಸ್ತಿ ಪ್ರೋಟೀನ್ 53ಬಿಪಿ1ಅನ್ನು ಹಿಡಿಯುವ, ಮೊಲದಿಂದ ಪಡೆದ ಪ್ರತಿಕಾಯವನ್ನು ಇದರ ಜೊತೆಗೇ ಹಾಕಿ, ಎರಡು ಬಣ್ಣಗಳೂ ಒಂದೇ ಜಾಗದಲ್ಲಿ ಕೂಡುವುದನ್ನು ನೋಡಿಕೊಳ್ಳಬಹುದು. ಇಲಿಯ ಅಂಗಾಂಶದ ಮೇಲೆ ಮಾತ್ರ ಇದನ್ನು ಬಳಸಲು ಹಿಂಜರಿಯುತ್ತೇನೆ, ಏಕೆಂದರೆ ಇಲಿಯ ಪ್ರತಿಕಾಯಕ್ಕೆ ಅಂಟಿ ಬಣ್ಣ ತೋರಿಸುವ ಎರಡನೆಯ ಹಂತದ ಪ್ರತಿಕಾಯವು ಅಂಗಾಂಶದಲ್ಲೇ ಇರುವ ಇಲಿಯ ಪ್ರತಿಕಾಯಗಳಿಗೂ ಅಂಟಿ ಹಿನ್ನೆಲೆಯನ್ನು ಕೆಡಿಸುತ್ತದೆ.

ಬಳಸುವವರು ಎಚ್ಚರ ವಹಿಸಬೇಕಾದ ವಿಷಯ ಬೇರೆಯೇ ಇದೆ. ಆರಂಭದ ತಿಂಗಳುಗಳಲ್ಲಿ ಕೇಂದ್ರವಿಡೀ ಒಂದೇ ಸಮನೆ ಹೊಳೆಯುತ್ತಿದ್ದ ಕೋಶಗಳನ್ನು ನಾವು ತೀವ್ರ ಹಾನಿಗೊಳಗಾದವೆಂದು ಎಣಿಸಿದ್ದೆವು. ಕೋಶ ಸಾಯುವಾಗ ಚುರುಕಾಗುವ ಕಿಣ್ವ ಕ್ಯಾಸ್ಪೇಸ್-3ಕ್ಕೂ ಬಣ್ಣ ಹಾಕಿದಾಗಲೇ ಅವು ಅಪೊಪ್ಟೋಸಿಸ್‌ನಿಂದ (ಕೋಶವೇ ತನ್ನನ್ನು ಕ್ರಮಬದ್ಧವಾಗಿ ಕೊಂದುಕೊಳ್ಳುವ ಕ್ರಿಯೆ) ಸಾಯುತ್ತಿರುವ ಕೋಶಗಳೆಂದು ತಿಳಿದದ್ದು: ಅಲ್ಲಿ ಕೋಶವೇ ತನ್ನ ಡಿಎನ್‌ಎಯನ್ನು ಕತ್ತರಿಸಿಕೊಳ್ಳುತ್ತದೆ. ಆ ಎಣಿಕೆಯನ್ನು ಪೂರ್ತಿ ಕೈಬಿಟ್ಟು ಹೊಸದಾಗಿ ಮಾಡಬೇಕಾಯಿತು.

ಚುಕ್ಕಿಯು ಗಾಯವನ್ನು ತೋರಿಸುತ್ತದೆಯೇ ಹೊರತು ಕೋಶದ ಹಣೆಬರಹವನ್ನಲ್ಲ. ದುರಸ್ತಿ ಮುಗಿಸಿ ಮತ್ತೆ ವಿಭಜಿಸುವುದೋ, ವಿಭಜನೆಯನ್ನು ಶಾಶ್ವತವಾಗಿ ನಿಲ್ಲಿಸುವುದೋ, ಸಾಯುವುದೋ ಎಂಬ ತೀರ್ಮಾನದಲ್ಲಿ ಪಿ53 ಪ್ರೋಟೀನಿನ ಏರಿಳಿತಕ್ಕೆ ದೊಡ್ಡ ಪಾತ್ರವಿದೆ. ಅದು ಅಲೆಅಲೆಯಾಗಿ ಏರಿಳಿದರೆ ಕೋಶಗಳು ಚೇತರಿಸಿಕೊಳ್ಳುವುದನ್ನೂ, ಇಳಿಯದೆ ಮೇಲೆಯೇ ನಿಂತರೆ ವಿಭಜನೆ ಕಾಯಂ ಆಗಿ ನಿಲ್ಲುವುದನ್ನೂ ವಿಜ್ಞಾನಿ ಗಲಿಟ್ ಲಹಾವ್ ಅವರ ತಂಡ 2012ರಲ್ಲಿ ತೋರಿಸಿತು. ಆದ್ದರಿಂದ ಒಂದೇ ಗಳಿಗೆಯ ಚಿತ್ರ ಸಾಲದು. 30 ನಿಮಿಷ, 6 ಗಂಟೆ, 24 ಗಂಟೆಗಳಲ್ಲಿ ಕೋಶಗಳಿರುವ ಬೇರೆಬೇರೆ ಕವರ್‌ಸ್ಲಿಪ್ (ತೆಳು ಗಾಜು) ತೆಗೆದು, ಜೊತೆಗೆ ಪಿ53ರ ಪ್ರಭಾವದಿಂದ ಹೆಚ್ಚಿ ವಿಭಜನೆಯನ್ನು ತಡೆಯುವ ಪ್ರೋಟೀನ್ ಪಿ21ರ ಮಟ್ಟವನ್ನೂ ನೋಡುವುದನ್ನು ನಾನು ಕಡ್ಡಾಯ ಮಾಡಿಕೊಂಡಿದ್ದೇನೆ.

ಬೆಲೆ ಹೆಚ್ಚೇ, ಆದರೆ ಕೊಟ್ಟ ಹಣಕ್ಕೆ ತಕ್ಕ ವಸ್ತು. ವಿತರಕರ ಮೂಲಕ ಬಂದ ಎರಡನೆಯ ಬಾಟಲಿಯ ಪೆಟ್ಟಿಗೆಯಲ್ಲಿದ್ದ ಐಸ್ ಪೂರ್ತಿ ಕರಗಿತ್ತು, ಅದರಲ್ಲಿ ಚುಕ್ಕಿಗಳು ಮಸುಕಾಗಿಯೇ ಬಂದವು. ತರಿಸುವವರು ವಾರದ ಮೊದಲ ದಿನಗಳಲ್ಲೇ ತಲುಪುವಂತೆ ಕೇಳಿಕೊಂಡು, ಪೆಟ್ಟಿಗೆಯನ್ನು ವಿತರಕರ ಎದುರಿಗೇ ತೆರೆದು ನೋಡುವುದು ಒಳ್ಳೆಯದು.