ವಿಲ್ ವಕೀಲರು ಬೇರೆ, ಪೇಟೆಂಟ್ ಏಜೆಂಟ್ ಬೇರೆ ಇದ್ದಾಗ ಆದ ಫಜೀತಿ

ನನ್ನ ಹೆಸರಿನಲ್ಲಿ ಒಂದು ವಾಲ್ವ್‌ನ ಪೇಟೆಂಟ್ ಇದೆ. ಅದರ ಲೈಸೆನ್ಸ್‌ನಿಂದ ಪ್ರತಿ ವರ್ಷ ಸ್ವಲ್ಪ ರಾಯಲ್ಟಿ ಬರುತ್ತದೆ. ನನ್ನ ನಂತರ ಅದು ಮಗ, ಮಗಳಿಗೆ ಸಲೀಸಾಗಿ ಸೇರಬೇಕು ಅಂತ ಮೂರು ದಾರಿ ಹಿಡಿದು ನೋಡಿದೆ. ವಿಲ್, ಪೇಟೆಂಟ್ ಎರಡನ್ನೂ ಒಂದೇ ಕಚೇರಿಯಲ್ಲಿ ನೋಡಿಕೊಳ್ಳುವವರೇ ನನಗೆ ಸರಿಹೋದರು.

ಮೊದಲು ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ವಿಲ್ ಫಾರ್ಮ್ ತುಂಬಿದೆ. ಮನೆ, ಬ್ಯಾಂಕ್ ಖಾತೆ, ವಾಹನಕ್ಕೆಲ್ಲ ಕಾಲಂ ಇತ್ತು. ಪೇಟೆಂಟಿಗೆ ಉಳಿದದ್ದು ‘ಇತರ ಆಸ್ತಿ’ ಅನ್ನುವ ಒಂದೇ ಗೆರೆ. ಅಲ್ಲಿ ಅರ್ಜಿ ಸಂಖ್ಯೆ ಬರೆದು, ಇಬ್ಬರಿಗೂ ಅರ್ಧ ಅರ್ಧ ಅಂದೆ. ಮನೆ, ಉಳಿತಾಯ ಮಾತ್ರ ಇರುವವರಿಗೆ ಇಷ್ಟು ಸಾಕಾಗಬಹುದು.

ಆಮೇಲೆ ಒಬ್ಬ ವಿಲ್ ವಕೀಲರು, ಇನ್ನೊಬ್ಬರು ಪೇಟೆಂಟ್ ಏಜೆಂಟ್. ಇಬ್ಬರೂ ಅವರವರ ಕೆಲಸದಲ್ಲಿ ಗಟ್ಟಿಗರು. ವಕೀಲರು ಟ್ರಸ್ಟ್ ಮಾಡಿಸಿದರು, ಅಂದರೆ ಮಕ್ಕಳ ಪರವಾಗಿ ಆಸ್ತಿ ಇಟ್ಟುಕೊಂಡು ನೋಡಿಕೊಳ್ಳುವ ವ್ಯವಸ್ಥೆ. ಪೇಟೆಂಟನ್ನು ಟ್ರಸ್ಟಿಗೆ ವರ್ಗಾಯಿಸಿದ್ದೇನೆ ಅಂತ ಪತ್ರಕ್ಕೆ ಸಹಿ ಹಾಕಿದೆ, ಸಾಕ್ಷಿಗಳೂ ಹಾಕಿದರು. ಕೆಲಸ ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಹಕ್ಕು ಕೈಬದಲಾದರೆ ಪೇಟೆಂಟ್ ಕಚೇರಿಯ ರಿಜಿಸ್ಟರಿನಲ್ಲೂ ದಾಖಲಾಗಬೇಕು. ಅದು ಏಜೆಂಟರ ಕೆಲಸ ಅಂತ ವಕೀಲರು ಸುಮ್ಮನಿದ್ದರು. ಏಜೆಂಟರಿಗೆ ಟ್ರಸ್ಟ್ ಇರುವುದೇ ಗೊತ್ತಿರಲಿಲ್ಲ. ನಡುವೆ ನಾನು ಮನೆ ಬದಲಿಸಿ, ಹೊಸ ವಿಳಾಸವನ್ನು ವಕೀಲರಿಗೆ ಮಾತ್ರ ಕೊಟ್ಟಿದ್ದೆ. ಪೇಟೆಂಟ್ ಚಾಲ್ತಿಯಲ್ಲಿರಲು ಆಗಾಗ ಕಟ್ಟಬೇಕಾದ ನವೀಕರಣ ಶುಲ್ಕದ ನೆನಪೋಲೆ ಹಳೇ ಮನೆಗೆ ಹೋಯಿತು. ಗಡುವು ದಾಟಿತು.

ನನಗೆ ಗೊತ್ತಾದದ್ದು ಲೈಸೆನ್ಸ್ ಪಡೆದ ಕಂಪನಿಯಿಂದ. ರಾಯಲ್ಟಿ ಕಳಿಸುವ ಮುಂಚೆ ಅವರು ರಿಜಿಸ್ಟರ್ ನೋಡಿ, ‘ಶುಲ್ಕ ಬಾಕಿ ಇದೆಯಲ್ಲ, ಮಾಲೀಕರು ನೀವಾ, ಟ್ರಸ್ಟಾ?’ ಅಂತ ಕೇಳಿದರು. ಮೇಜಿನ ಮೇಲೆ ಎರಡು ಕಾಗದ ಇಟ್ಟುಕೊಂಡು ಕೂತೆ. ಒಂದರಲ್ಲಿ ಟ್ರಸ್ಟಿನ ಹೆಸರು, ಇನ್ನೊಂದರಲ್ಲಿ ನನ್ನದು. ಪೇಟೆಂಟ್ ಮುಂತಾದ ಹಕ್ಕುಗಳ ಬಗ್ಗೆ ಆದ 1883ರ ಪ್ಯಾರಿಸ್ ಒಪ್ಪಂದಕ್ಕೆ ಸೇರಿದ ದೇಶಗಳು ಇಂಥ ಶುಲ್ಕಕ್ಕೆ ಕನಿಷ್ಠ 6 ತಿಂಗಳ ಹೆಚ್ಚುವರಿ ಸಮಯ ಕೊಡಲೇಬೇಕು. ಅದರಲ್ಲಿ 19 ದಿನ ಉಳಿದಿತ್ತು. ದಂಡ ಸೇರಿಸಿ ಕಟ್ಟಿದೆ. ಆ ಹೊತ್ತಿಗೆ ನಾನೇ ಇಲ್ಲವಾಗಿದ್ದರೆ? ಅಂಥದ್ದೊಂದು ಗಡುವು ಇದೆ ಅಂತ ಮಕ್ಕಳಿಗೆ ಹೇಳುವವರೇ ಇರುತ್ತಿರಲಿಲ್ಲ. ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಮೂರನೇ ದಾರಿ, ವಿಲ್, ಪೇಟೆಂಟ್ ಎರಡನ್ನೂ ನೋಡುವ ಕಚೇರಿ. ಅವರು ಕೇಳಿದ ಮೊದಲ ಪ್ರಶ್ನೆಯೇ ‘ಅರ್ಜಿ ಹಾಕಿದ್ದು ಯಾವತ್ತು?’ ಪೇಟೆಂಟಿನ ಆಯಸ್ಸು ಸಾಮಾನ್ಯವಾಗಿ ಆ ದಿನದಿಂದ 20 ವರ್ಷ ತಾನೇ. ನನ್ನ ಅರ್ಧ ಅರ್ಧದ ಲೆಕ್ಕವನ್ನೂ ಬಿಡಿಸಿದರು. ಎಷ್ಟೋ ದೇಶಗಳಲ್ಲಿ ಜಂಟಿ ಮಾಲೀಕರಲ್ಲಿ ಒಬ್ಬರು ಒಪ್ಪದಿದ್ದರೆ ಇನ್ನೊಬ್ಬರು ಲೈಸೆನ್ಸ್ ಕೊಡುವ ಹಾಗಿಲ್ಲ. ಹಾಗಾಗಿ ಪೇಟೆಂಟ್ ಟ್ರಸ್ಟಿನಲ್ಲೇ ಇರಲಿ, ಹಣ ಮಾತ್ರ ಹಂಚಿಕೆಯಾಗಲಿ ಅಂದರು. ನವೀಕರಣ ಶುಲ್ಕವನ್ನು ರಾಯಲ್ಟಿಯಿಂದಲೇ ಕಟ್ಟಬೇಕು ಅಂತಲೂ ಬರೆಸಿದರು.

ಫೀಸು ಜಾಸ್ತಿ, ನಿಜ. ಆದರೆ ದಂಡ, ತಿದ್ದುಪಡಿ ಖರ್ಚು ಸೇರಿಸಿ ನೋಡಿದರೆ ಎರಡನೇ ದಾರಿಯಲ್ಲಿ ನನಗೆ ಉಳಿದದ್ದು ಅಷ್ಟಕ್ಕಷ್ಟೆ. ಪದೇ ಪದೇ ಮನೆ ಬದಲಿಸುವ ನನಗೆ ಇದೇ ಸರಿ. ನೀವು ಗಡುವುಗಳನ್ನು ತಪ್ಪದೆ ಬರೆದಿಟ್ಟುಕೊಂಡು, ಇಬ್ಬರಿಗೂ ಎಲ್ಲ ಕಾಗದದ ಪ್ರತಿ ಕಳಿಸುವವರಾದರೆ ಎರಡನೇ ದಾರಿಯೂ ನಡೆಯುತ್ತದೆ.

ಈಗ ರಿಜಿಸ್ಟರಿನಲ್ಲೂ ಟ್ರಸ್ಟಿನ ಹೆಸರಿದೆ. ಶುಲ್ಕದ ನೆನಪೋಲೆ ನನ್ನ ಜೊತೆ ಮಗಳಿಗೂ ಹೋಗುತ್ತದೆ.