ಯಕ್ಷಗಾನದ ಸದ್ದು ಹಿಡಿಯಲು ಮೂರು ದಾರಿ: ಕ್ಯಾಮೆರಾ ಮೈಕ್, ಮಿಕ್ಸರ್ ಲೈನ್, ಬೇರೆ ರೆಕಾರ್ಡರ್

ಕರಾವಳಿಯಲ್ಲಿ ಸ್ವಂತವಾಗಿ ವಿಡಿಯೋ ಕೆಲಸ ಮಾಡುವವರಿಗೆ ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಬಿಡುವಿರುವುದಿಲ್ಲ. ಹಗಲು ಮದುವೆ, ರಾತ್ರಿ ಆಟ, ಅಂದರೆ ಯಕ್ಷಗಾನ. ಮದುವೆಯಲ್ಲಿ ಸದ್ದು ಸ್ವಲ್ಪ ಕೆಟ್ಟರೂ ಮೇಲೊಂದು ಹಾಡು ಹಾಕಿ ಮುಗಿಸಬಹುದು. ಯಕ್ಷಗಾನದಲ್ಲಿ ಆ ದಾರಿಯೇ ಇಲ್ಲ. ಭಾಗವತರ ಪದ (ಹಾಡು) ಅಸ್ಪಷ್ಟವಾದರೆ, ಚೆಂಡೆ ಒಡೆದು ಕೇಳಿಸಿದರೆ, ವೇಷಧಾರಿಯ ಮಾತು ಗಾಳಿಯಲ್ಲಿ ಹೋದರೆ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ಜನ ನೋಡುವುದಿಲ್ಲ. ಆಟ ಆಡಿಸಿದ ಮನೆಯವರು ಎಷ್ಟೋ ಸಲ ಟಿವಿ ಹಾಕಿಟ್ಟು ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಬರೀ ಕೇಳುತ್ತಾರೆ. ಅವರಿಗೆ ನಮ್ಮ ಲೆನ್ಸ್ ಯಾವುದು ಅನ್ನೋದು ಮುಖ್ಯವಲ್ಲ.

ಹಾಗಾಗಿ ಈ ಹೋಲಿಕೆಯಲ್ಲಿ ಕ್ಯಾಮೆರಾ ಯಾವುದು ಒಳ್ಳೆಯದು ಎಂಬ ಮಾತು ಬರುವುದಿಲ್ಲ. ತೆಂಕು, ಬಡಗು ಎರಡೂ ತಿಟ್ಟಿನ (ದಕ್ಷಿಣದ, ಉತ್ತರದ ಶೈಲಿಯ) ಆಟಗಳಲ್ಲಿ ಸದ್ದು ಹಿಡಿಯಲು ನಾನು ಬಳಸಿ ನೋಡಿದ ದಾರಿಗಳನ್ನಷ್ಟೇ ಹೇಳುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಮುಂದಿನ ಲೆನ್ಸಿಗೆ ಅಂತ ಕೂಡಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ರೆಕಾರ್ಡರಿಗೆ ತಿರುಗಿಸಿ.

ಆಟದ ಸದ್ದು ಯಾಕೆ ಇಷ್ಟು ಕಷ್ಟ? ಒಂದೇ ರಾತ್ರಿಯಲ್ಲಿ, ಒಂದೇ ಫೈಲಿನಲ್ಲಿ, ಭಾಗವತರ ಮೆಲುದನಿಯ ಆಲಾಪವೂ ಇರುತ್ತದೆ, ಬಣ್ಣದ ವೇಷದ (ರಾಕ್ಷಸನಂಥ ಪಾತ್ರದ) ಪ್ರವೇಶಕ್ಕೆ ಚೆಂಡೆ ಏರುವುದೂ ಇರುತ್ತದೆ. ಎರಡರ ನಡುವಿನ ಅಂತರ ಬಹಳ ದೊಡ್ಡದು. ಅದೂ ಅಲ್ಲದೆ ಸದ್ದು ಬರುವ ಜಾಗ ಒಂದಲ್ಲ. ಭಾಗವತರು, ಚೆಂಡೆ, ಮದ್ದಳೆಯ ಹಿಮ್ಮೇಳ ಹಿಂದೆ, ವೇಷಧಾರಿಗಳ ಮುಮ್ಮೇಳ ಮುಂದೆ, ಲೌಡ್‌ಸ್ಪೀಕರ್ ಎರಡು ಬದಿಗೆ. ಧಿಗಿಣ (ತಿರುಗುತ್ತಾ ಜಿಗಿಯುವ ಕುಣಿತ) ಹಾಕುವ ವೇಷಧಾರಿ ಒಂದು ಕ್ಷಣ ಮೈಕಿನ ಕೆಳಗೆ, ಮರುಕ್ಷಣ ರಂಗಸ್ಥಳದ ಮೂಲೆಯಲ್ಲಿ.

ಮೊದಲನೆಯದು ಎಲ್ಲರೂ ಶುರುಮಾಡುವ ದಾರಿ, ಕ್ಯಾಮೆರಾದ ತಲೆಯ ಮೇಲೆ ಒಂದು ಶಾಟ್‌ಗನ್ ಮೈಕ್. ಅನುಕೂಲ ಹೇಳುವುದೇ ಬೇಡ. ವೈರ್ ಎಳೆಯಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ಎಡಿಟಿಂಗ್‌ನಲ್ಲಿ ಚಿತ್ರಕ್ಕೂ ಸದ್ದಿಗೂ ಗಂಟು ಹಾಕುವ ಕೆಲಸವಿಲ್ಲ. ಆದರೆ ಶಾಟ್‌ಗನ್ ದೂರದ ಸದ್ದನ್ನು ಹತ್ತಿರ ಎಳೆದು ತರುತ್ತದೆ ಅನ್ನೋ ನಂಬಿಕೆ ಸುಳ್ಳು. ಅದು ಮಾಡುವುದು ಬದಿಯಿಂದ ಬರುವ ಸದ್ದನ್ನು ಸ್ವಲ್ಪ ತಗ್ಗಿಸುವುದು, ಅದೂ ತೀಕ್ಷ್ಣ ಸ್ವರಗಳನ್ನು ಮಾತ್ರ ಚೆನ್ನಾಗಿ. ಗದ್ದೆಯಲ್ಲಿ ಜನರ ಹಿಂದೆ, 30 ಮೀಟರ್ ಆಚೆ ಕ್ಯಾಮೆರಾ ನಿಂತಿದ್ದರೆ ಆ ಮೈಕಿಗೆ ಕೇಳಿಸುವುದು ರಂಗಸ್ಥಳವಲ್ಲ, ಹತ್ತಿರದ ಲೌಡ್‌ಸ್ಪೀಕರ್. ಜೊತೆಗೆ ಪಕ್ಕದ ಚುರುಮುರಿ ಅಂಗಡಿ, ಹಿಂದಿನ ಜನರೇಟರ್, ಮುಂದೆ ಕೂತವರ ಮಾತುಕತೆ. ಸಭಾಭವನದ ಒಳಗಾದರೆ ಇನ್ನೂ ಕಷ್ಟ. ಅಲ್ಲಿ ಗೋಡೆಯಿಂದ ಗೋಡೆಗೆ ಬಡಿದ ಸದ್ದು ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಶಾಟ್‌ಗನ್‌ಗೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಗೊತ್ತಾಗುವುದಿಲ್ಲ.

ಕ್ಯಾಮೆರಾದ ಆಟೋ ಲೆವೆಲ್ ಹಾಕಿಟ್ಟರೆ ಚೆಂಡೆಯ ಒಂದು ಪೆಟ್ಟಿಗೆ ಇಡೀ ಸದ್ದು ಕುಸಿದು, ಮುಂದಿನ ಮಾತಿನ ಮೊದಲ ಶಬ್ದಗಳು ನುಂಗಿ ಹೋಗುತ್ತವೆ. ಲೆವೆಲ್ ಕೈಯಲ್ಲೇ ಇಟ್ಟುಕೊಂಡರೆ ರಾತ್ರಿಯಿಡೀ ಅದರ ಮೇಲೆ ಕಣ್ಣಿಡಬೇಕು. ರೋಡ್ ವಿಡಿಯೋಮೈಕ್ ಎನ್‌ಟಿಜಿಯಂಥ ಮೈಕುಗಳಲ್ಲಿ ಒಂದು ಚಾನೆಲ್ಲನ್ನು 20 ಡೆಸಿಬೆಲ್ ಕಡಿಮೆ ಮಾಡಿ ರೆಕಾರ್ಡ್ ಮಾಡುವ ವ್ಯವಸ್ಥೆ ಇದೆ. ಚೆಂಡೆ ಒಡೆದಾಗ ಆ ಚಾನೆಲ್ ಕೈ ಹಿಡಿಯುತ್ತದೆ. ಆದರೂ ಕೇಳಿಸುವುದು ಅದೇ ಲೌಡ್‌ಸ್ಪೀಕರ್. ಆಟದ ಮಟ್ಟಿಗೆ ಕ್ಯಾಮೆರಾ ಮೈಕ್ ಬೇಕಾಗುವುದು ಒಂದೇ ಕಾರಣಕ್ಕೆ: ಬೇರೆ ಕಡೆ ಹಿಡಿದ ಸದ್ದನ್ನು ಆಮೇಲೆ ಹೊಂದಿಸಲು ಅದೇ ಗುರುತು.

ಎರಡನೆಯದು ಮೈಕ್ ಸೆಟ್‌ನವರ ಮಿಕ್ಸರಿನಿಂದ ಒಂದು ಲೈನ್ ತೆಗೆದುಕೊಳ್ಳುವುದು. ಖರ್ಚಿನ ಲೆಕ್ಕದಲ್ಲಿ ಇದಕ್ಕಿಂತ ಲಾಭದ ದಾರಿ ಇನ್ನೊಂದಿಲ್ಲ. ಭಾಗವತರ ಮೈಕ್, ಮದ್ದಳೆಯ ಮೈಕ್, ರಂಗಸ್ಥಳದ ಮೇಲೆ ನೇತು ಹಾಕಿದ ಮೈಕುಗಳು, ಎಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಅರ್ಥಗಾರಿಕೆಯ, ಅಂದರೆ ಪಾತ್ರಧಾರಿಯ ಮಾತಿನ, ಒಂದೊಂದು ಶಬ್ದವೂ ಸ್ಪಷ್ಟ. ಮಾತು, ಪದ ಇವೆರಡರಲ್ಲಿ ಮಿಕ್ಸರ್ ಲೈನನ್ನು ಸೋಲಿಸುವ ದಾರಿಯನ್ನು ನಾನು ಕಂಡಿಲ್ಲ.

ಆದರೆ ಇದು ಉಪಕರಣಕ್ಕಿಂತ ಜಾಸ್ತಿ ಸಂಬಂಧದ ಕೆಲಸ. ಚೌಕಿ (ಬಣ್ಣದ ಮನೆ) ಪೂಜೆಗೆ ಮೊದಲೇ ಹೋಗಿ, ಮೈಕ್ ಸೆಟ್‌ನವರು ವೈರ್ ಎಳೆಯುತ್ತಿರುವಾಗಲೇ ಮಾತಾಡಬೇಕು. "ಅಣ್ಣಾ, ನಂಗೊಂದು ಆಕ್ಸ್ ಔಟ್ ಕೊಡ್ತೀರಾ? ವೈರ್ ನಾನೇ ತಂದಿದ್ದೇನೆ" ಅಂದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಆಕ್ಸ್ ಔಟ್ ಅಂದರೆ ಮುಖ್ಯ ಸ್ಪೀಕರಿನ ದಾರಿ ಬಿಟ್ಟು ಮಿಕ್ಸರಿನಿಂದ ಸದ್ದು ಹೊರಗೆ ಬರುವ ಇನ್ನೊಂದು ದಾರಿ. ಆಟ ಶುರುವಾದ ಮೇಲೆ ಹೋಗಿ ಕೇಳಿದರೆ ಅವರಿಗೂ ಕಿರಿಕಿರಿ. ಯಾವ ಊರಲ್ಲಿ ಯಾವ ಮಿಕ್ಸರ್ ಇರುತ್ತದೋ ಗೊತ್ತಿರುವುದಿಲ್ಲ, ಹಾಗಾಗಿ ಎಕ್ಸ್‌ಎಲ್‌ಆರ್, ಕಾಲಿಂಚಿನ ದಪ್ಪ ಜ್ಯಾಕ್, ಆರ್‌ಸಿಎ ಮೂರಕ್ಕೂ ಹೊಂದುವ ವೈರುಗಳು ಚೀಲದಲ್ಲಿರಬೇಕು. ಆಕ್ಸ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಮೇನ್ ಔಟ್ ಆದರೆ ಅವರು ಸ್ಪೀಕರಿಗೆ ಏರಿಸಿ ಇಳಿಸಿದ್ದೆಲ್ಲಾ ನಮ್ಮ ಫೈಲಿಗೂ ಬರುತ್ತದೆ.

ತಾಂತ್ರಿಕ ತೊಡಕು ಎರಡು. ಮಿಕ್ಸರಿನಿಂದ ಬರುವ ಲೈನ್ ಲೆವೆಲ್ ಸಿಗ್ನಲ್ ಕ್ಯಾಮೆರಾದ ಮೈಕ್ ಇನ್‌ಪುಟ್‌ಗೆ ಬಹಳ ಜೋರು. ನಡುವೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಇಲ್ಲದಿದ್ದರೆ ಸದ್ದು ಒಳಬರುವಾಗಲೇ ಒಡೆದಿರುತ್ತದೆ, ಆಮೇಲೆ ಕ್ಯಾಮೆರಾದಲ್ಲಿ ಕಡಿಮೆ ಮಾಡಿದರೆ ಪ್ರಯೋಜನವಿಲ್ಲ. ಎರಡನೆಯದು ಗುಂಯ್‌ಗುಡುವ ಸದ್ದು. ಮಿಕ್ಸರ್ ಒಂದು ಕಡೆಯ ಕರೆಂಟಿನಲ್ಲಿ, ನಮ್ಮ ಕ್ಯಾಮೆರಾದ ಅಡಾಪ್ಟರ್ ಇನ್ನೊಂದು ಕಡೆಯದರಲ್ಲಿ ಇದ್ದರೆ 50 ಹರ್ಟ್ಸಿನ ಹಮ್ ಸೇರಿಕೊಳ್ಳುತ್ತದೆ. ಕ್ಯಾಮೆರಾವನ್ನು ಬ್ಯಾಟರಿಯಲ್ಲಿ ಓಡಿಸಿದರೆ ಅಥವಾ ಲೈನಿನ ನಡುವೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದು ಹೋಗುತ್ತದೆ. ಹಮ್ ಹೋಗಲಿ ಅಂತ ಅರ್ತಿಂಗ್ ವೈರ್ ಕಿತ್ತು ಹಾಕುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಇಬ್ಬನಿಯಲ್ಲಿ ಒದ್ದೆಯಾದ ಗದ್ದೆ, ಬರಿಗಾಲಿನ ಕಲಾವಿದರು, ಜೀವಕ್ಕೇ ಅಪಾಯ.

ಇದೆಲ್ಲ ಸರಿಪಡಿಸಿದ ಮೇಲೂ ಮಿಕ್ಸರ್ ಲೈನಿನಲ್ಲಿ ಒಂದು ದೊಡ್ಡ ಕೊರತೆ ಉಳಿಯುತ್ತದೆ. ಅದರಲ್ಲಿ ಚೆಂಡೆ ಇರುವುದಿಲ್ಲ, ಅಥವಾ ಎಲ್ಲೋ ದೂರದಲ್ಲಿ ಇರುತ್ತದೆ. ಚಿಕ್ಕ ಬಯಲಿನಲ್ಲಿ ಚೆಂಡೆಗೆ ಮೈಕೇ ಬೇಕಾಗಿಲ್ಲ, ಹಾಗಾಗಿ ಮೈಕ್ ಸೆಟ್‌ನವರು ಅದನ್ನು ಏರಿಸುವುದಿಲ್ಲ. ಅದು ಅವರ ಕೆಲಸಕ್ಕೆ ಸರಿಯೇ. ನಮಗೆ ಮಾತ್ರ ಬಣ್ಣದ ವೇಷ ತೆರೆ ಸರಿಸಿ ಬರುವಾಗಿನ ಆ ಮೈ ಜುಮ್ಮೆನ್ನುವ ಗಳಿಗೆ ಸಪ್ಪೆಯಾಗಿಬಿಡುತ್ತದೆ. ಜನರ ಚಪ್ಪಾಳೆಯೂ ಇಲ್ಲ. ಮಿಕ್ಸರಿನಲ್ಲೇ ಎಕೋ ಸೇರಿಸಿ ಕಳಿಸಿದ್ದರೆ ಹಾಲಿಗೆ ಬೆರೆತ ನೀರಿನಂತೆ, ಆಮೇಲೆ ಬೇರೆ ಮಾಡಲು ಆಗುವುದಿಲ್ಲ.

ಮೂರನೆಯ ದಾರಿಗೆ ನಾನು ಬಂದದ್ದು ಈ ಚೆಂಡೆಗಾಗಿಯೇ. ರಂಗಸ್ಥಳದ ಮುಂದೆ ಒಂದು ಗಿಡ್ಡ ಸ್ಟ್ಯಾಂಡ್, ಅದರ ಮೇಲೆ ಎರಡು ಚಿಕ್ಕ ಕಂಡೆನ್ಸರ್ ಮೈಕ್, ಕೆಳಗೆ ಅಂಗೈಯಷ್ಟು ದೊಡ್ಡ ರೆಕಾರ್ಡರ್. ನಾನು ಬಳಸುವುದು ಝೂಮ್ ಎಫ್3. 2022ರಲ್ಲಿ ಬಂದದ್ದು, ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್, 32 ಬಿಟ್ ಫ್ಲೋಟ್. ಅದರಲ್ಲಿ ಗೇನ್ ಗುಬ್ಬಿಯೇ (ಒಳಬರುವ ಸದ್ದಿನ ಮಟ್ಟ ಹೊಂದಿಸುವ ತಿರುಪು) ಇಲ್ಲ. ಒಳಗೆ ಒಂದು ಮೆಲ್ಲಗಿನ ಸದ್ದಿಗೆ, ಒಂದು ಜೋರಿನ ಸದ್ದಿಗೆ ಅಂತ ಎರಡು ಪರಿವರ್ತಕಗಳು ಕೆಲಸ ಮಾಡುತ್ತವೆ. ಆಲಾಪಕ್ಕೆ ಹೊಂದಿಸಬೇಕೋ ಚೆಂಡೆಗೆ ಹೊಂದಿಸಬೇಕೋ ಎಂಬ ಗೊಂದಲವೇ ಇರುವುದಿಲ್ಲ. ಎರಡನ್ನೂ ಎಡಿಟಿಂಗ್‌ನಲ್ಲಿ ಏರಿಸಬಹುದು, ಇಳಿಸಬಹುದು. ಒಬ್ಬರೇ ಕ್ಯಾಮೆರಾ ಹಿಡಿದು ಸದ್ದನ್ನೂ ನೋಡಿಕೊಳ್ಳಬೇಕಾದ ನಮ್ಮಂಥವರಿಗೆ ಇದು ದೊಡ್ಡ ನೆಮ್ಮದಿ.

ಹಾಗಂತ 32 ಬಿಟ್ ಫ್ಲೋಟ್ ಇದ್ದರೆ ಏನೂ ಒಡೆಯುವುದಿಲ್ಲ ಅಂದುಕೊಳ್ಳಬೇಡಿ. ಮೈಕಿನ ಒಳಗೇ ಸದ್ದು ಒಡೆದರೆ ಯಾವ ರೆಕಾರ್ಡರೂ ಅದನ್ನು ಉಳಿಸಲಾರದು. ಅದಕ್ಕೇ ಚೆಂಡೆ ಇರುವ ಬದಿಯಿಂದ ಸ್ವಲ್ಪ ದೂರ ಇಡಬೇಕು, ಹೆಚ್ಚು ಜೋರಿನ ಸದ್ದು ತಡೆಯುವ ಮೈಕ್ ಆರಿಸಬೇಕು. ಸ್ಟ್ಯಾಂಡನ್ನು ರಂಗಸ್ಥಳದ ಹಲಗೆಯ ಮೇಲೆ ಇಡಲೇಬಾರದು. ಒಂದೊಂದು ಧಿಗಿಣಕ್ಕೂ ಧಡ್ ಧಡ್ ಅಂತ ಕೇಳಿಸುತ್ತದೆ. ನೆಲದ ಮೇಲೆ ಇಟ್ಟು, 80 ಹರ್ಟ್ಸಿನ ಲೋ ಕಟ್ (ತಗ್ಗು ಸ್ವರ ಕತ್ತರಿಸುವ ಫಿಲ್ಟರ್) ಹಾಕಿದರೆ ಜನರೇಟರಿನ ಗುಡುಗುಡುವೂ ಸುಮಾರು ತಗ್ಗುತ್ತದೆ. ಮುಂದಿನ ಸಾಲಿನಲ್ಲಿ ಮಕ್ಕಳು ಕೂರುತ್ತಾರೆ, ಸ್ಟ್ಯಾಂಡ್ ಮುಟ್ಟದೆ ಇರುವುದಿಲ್ಲ. ಪಕ್ಕದಲ್ಲಿ ಕೂತ ಅಜ್ಜನಿಗೋ ಅಕ್ಕನಿಗೋ "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಬೆಳಗಿನವರೆಗೆ ಕಾಯುತ್ತಾರೆ.

ಬಟ್ಟೆಗೆ ಸಿಕ್ಕಿಸುವ ವೈರ್‌ಲೆಸ್ ಲ್ಯಾಪಲ್ ಮೈಕ್ ಬಗ್ಗೆ ಕೇಳುವವರು ಬಹಳ. ವೇಷಧಾರಿಗೆ ಅದು ಆಗುವುದಿಲ್ಲ. ಎದೆಪದಕ, ಭುಜಕೀರ್ತಿ ಉಜ್ಜುವ ಸದ್ದೇ ತುಂಬಿರುತ್ತದೆ. ಸಂದರ್ಶನಕ್ಕೆ ಚೌಕಿಯಲ್ಲಿ ಬಳಸಿ, ಅಷ್ಟೇ ಸಾಕು.

ಹಾಗಾದರೆ ಎರಡು, ಮೂರರಲ್ಲಿ ಯಾವುದು? ಮಾತಿಗೆ ಮಿಕ್ಸರ್, ಮೈದಾನದ ಜೀವಕ್ಕೆ ರೆಕಾರ್ಡರ್. ಎರಡೂ ಇದ್ದರೆ ಮಿಕ್ಸರ್ ಲೈನನ್ನು ನಡುವೆ ಇಟ್ಟು, ಜೋಡಿ ಮೈಕನ್ನು ಎಡಬಲಕ್ಕೆ ಹರಡಿ ಅದರ ಕೆಳಗೆ ಸೇರಿಸುತ್ತೇನೆ. ಒಂದಕ್ಕೇ ದುಡ್ಡಿದ್ದರೆ ರೆಕಾರ್ಡರ್ ಕೊಳ್ಳಿ. ಮಿಕ್ಸರ್ ಲೈನನ್ನೂ ಅದಕ್ಕೇ ಕೊಡಬಹುದು. ಶಾಟ್‌ಗನ್ ಆಮೇಲೆ ನೋಡಿಕೊಳ್ಳೋಣ.

ಬೇರೆ ರೆಕಾರ್ಡರಿನ ನಿಜವಾದ ಬೆಲೆ ಕಟ್ಟುವುದು ಎಡಿಟಿಂಗ್ ಮೇಜಿನ ಮುಂದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಮೀಟರ್ ದೂರದ ಕ್ಯಾಮೆರಾಗೆ ರಂಗಸ್ಥಳದ ಸದ್ದು ತಲುಪುವಾಗ ಸೆಕೆಂಡಿನ ನೂರರಲ್ಲಿ ಒಂಬತ್ತು ಪಾಲು ಕಳೆದಿರುತ್ತದೆ. 25 ಫ್ರೇಮಿನ ವಿಡಿಯೋದಲ್ಲಿ ಅದು ಎರಡು ಫ್ರೇಮಿಗಿಂತ ಜಾಸ್ತಿ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಆಗಲಿ ಡಾವಿಂಚಿ ರಿಸಾಲ್ವ್ ಆಗಲಿ, ಸದ್ದಿನ ಅಲೆಯ ಆಕಾರ ನೋಡಿ ಸಿಂಕ್ ಮಾಡುವಾಗ ನಮ್ಮ ಒಳ್ಳೆಯ ಸದ್ದನ್ನು ಕ್ಯಾಮೆರಾ ಮೈಕಿನ ತಡವಾದ ಸದ್ದಿಗೆ ಹೊಂದಿಸಿಬಿಡುತ್ತವೆ. ಕೋಲು ಚೆಂಡೆಗೆ ತಗುಲುವ ಫ್ರೇಮ್ ಹುಡುಕಿ, ಅಲ್ಲಿಗೆ ಸದ್ದನ್ನು ಕೈಯಲ್ಲೇ ಹಿಂದಕ್ಕೆ ಸರಿಸಬೇಕು. ಕುಣಿತದ ಹೆಜ್ಜೆ ಗೊತ್ತಿರುವವರಿಗೆ ಈ ಎರಡು ಫ್ರೇಮ್ ಖಂಡಿತ ಗೊತ್ತಾಗುತ್ತದೆ.

ಇನ್ನೊಂದು ರಾತ್ರಿಯುದ್ದದ ತೊಂದರೆ. ಕ್ಯಾಮೆರಾದ ಗಡಿಯಾರ, ರೆಕಾರ್ಡರಿನ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ ಹತ್ತರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 36 ಮಿಲಿಸೆಕೆಂಡ್, ಆರು ಗಂಟೆಗೆ ಐದು ಫ್ರೇಮ್ ದಾಟುತ್ತದೆ. ಪೀಠಿಕೆಯಲ್ಲಿ ಸರಿಯಿದ್ದ ಬಾಯಿ, ಮಂಗಳ ಹಾಡುವಾಗ ಸರಿಯಿರುವುದಿಲ್ಲ. ಪ್ರಸಂಗದ ಸನ್ನಿವೇಶ ಬದಲಾಗುವಲ್ಲೆಲ್ಲ ಕತ್ತರಿಸಿ ಮತ್ತೆ ಸಿಂಕ್ ಮಾಡುವುದು ಸುಲಭ ಪರಿಹಾರ. ಜಾಗದ ಚಿಂತೆ ಮಾತ್ರ ಬೇಡ. 48 ಕಿಲೋಹರ್ಟ್ಸ್, 32 ಬಿಟ್ ಸ್ಟೀರಿಯೋ ಗಂಟೆಗೆ 1.4 ಜಿಬಿ ಕೂಡ ಆಗುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ ವಿಡಿಯೋ ಅದೇ ಗಂಟೆಗೆ 45 ಜಿಬಿ ತಿನ್ನುತ್ತದೆ.

ನನ್ನ ಕೆಲಸದ ಕೋಣೆ ಮನೆಯ ಮಾಡಿನ ಕೆಳಗಿನದು, ಮೇಲೆ ಶೀಟು. ಜೂನ್ ಬಂತೆಂದರೆ ಸ್ಪೀಕರ್ ಹಾಕಿ ಕೇಳುವ ಮಾತೇ ಇಲ್ಲ. ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಿ, ಕೊನೆಗೆ ಒಂದು ಸಾಮಾನ್ಯ ಫೋನಿನಲ್ಲಿ ಕೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಕೇಳುವುದು ಅದರಲ್ಲೇ. ಇಡೀ ಸದ್ದನ್ನು ಒತ್ತಿ ಜೋರು ಮಾಡುವ ಆಸೆ ಬೇಡ. ಯೂಟ್ಯೂಬ್ ತಾನೇ ಅದನ್ನು ಇಳಿಸುತ್ತದೆ, ಚೆಂಡೆಯ ಏರಿಳಿತ ಮಾತ್ರ ಸತ್ತುಹೋಗಿರುತ್ತದೆ. ಮೈಕುಗಳನ್ನು ಲೆನ್ಸ್ ಜೊತೆಯಲ್ಲೇ ಡ್ರೈ ಕ್ಯಾಬಿನೆಟ್‌ನಲ್ಲಿ, 40ರಿಂದ 50 ಶೇಕಡಾ ತೇವದಲ್ಲಿ ಇಡಿ. ಲೆನ್ಸಿಗೆ ಬೂಷ್ಟು ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ತೇವ ಕುಡಿದ ಕಂಡೆನ್ಸರ್ ಮೈಕ್ ಪಟಪಟ ಅನ್ನುತ್ತದೆ ಅನ್ನೋದು ಆಟದ ನಡುವೆಯೇ ಗೊತ್ತಾಗುವುದು ಬೇಡ, ಅಲ್ವಾ?

ದುಡ್ಡಿನ ಮಾತು. ಆಟದ ವಿಡಿಯೋಗೆ ಎಷ್ಟು ಅಂತ ಒಂದೇ ಮೊತ್ತ ಹೇಳಿದರೆ ಸದ್ದಿನ ಕೆಲಸ ಪುಕ್ಕಟೆಯಾಗಿ ಹೋಗುತ್ತದೆ. ನಾನು ಈಗ ಕೊಟೇಶನ್‌ನಲ್ಲಿ ಧ್ವನಿ ಮುದ್ರಣ ಅಂತ ಬೇರೆ ಸಾಲು ಬರೆಯುತ್ತೇನೆ. ಹಳೆಯ ಆಟದ ಒಂದು ತುಣುಕನ್ನು ಎರಡೂ ರೀತಿಯ ಸದ್ದಿನಲ್ಲಿ ಕೇಳಿಸುತ್ತೇನೆ. ಹೆಚ್ಚಿನ ಮನೆಯವರು ಮರುಮಾತಿಲ್ಲದೆ ಒಪ್ಪುತ್ತಾರೆ. ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ, ಮೇಳದ ತಿರುಗಾಟವೂ ಇಲ್ಲ. ಆದರೆ ತಾಳಮದ್ದಳೆ ಜೋರು ನಡೆಯುವುದು ಆ ಮಳೆಗಾಲದಲ್ಲೇ. ವೇಷವಿಲ್ಲ, ಕುಣಿತವಿಲ್ಲ, ಬರೀ ಪದ, ಮಾತು. ಅಲ್ಲಿಗೆ ಕರೆಯುವವರು ಕ್ಯಾಮೆರಾ ಯಾವುದು ಅಂತ ಕೇಳುವುದಿಲ್ಲ, ಸದ್ದು ಹೇಗೆ ಮಾಡುತ್ತೀರಿ ಅಂತ ಕೇಳುತ್ತಾರೆ. ನನಗೆ ಮಳೆಗಾಲದ ಕೆಲಸ ಸಿಕ್ಕಿದ್ದು ಆ ಅಂಗೈಯಗಲದ ಪೆಟ್ಟಿಗೆಯಿಂದ. ಒಂದು ಮಾತು ಮಾತ್ರ ನೆನಪಿಡಿ: ಭಾಗವತರೋ ಅರ್ಥಧಾರಿಗಳೋ ತಮ್ಮ ಪಾಲಿನ ಆಡಿಯೋ ಕೇಳಿದರೆ ಸಂತೋಷದಿಂದ ಕೊಡಿ, ಆದರೆ ಸಂಘಟಕರನ್ನೂ ಕಲಾವಿದರನ್ನೂ ಕೇಳದೆ ಯಾವುದನ್ನೂ ನಿಮ್ಮ ಚಾನೆಲ್ಲಿಗೆ ಹಾಕಬೇಡಿ.