ಕುಂತಿಬೆಟ್ಟದ ಶಿಲಾರೋಹಣ ಶಿಬಿರ: ಹೊಸಬರಿಗೆ ಒಳ್ಳೆಯ ಆರಂಭ

ಪಾಂಡವಪುರದ ಕುಂತಿಬೆಟ್ಟದಲ್ಲಿ ಸಾಹಸ ತಂಡವೊಂದು ನಡೆಸುವ ಒಂದು ದಿನದ ಶಿಲಾರೋಹಣ ಶಿಬಿರವನ್ನು, ಇದುವರೆಗೆ ಚಾಮುಂಡಿಬೆಟ್ಟದ ಮೆಟ್ಟಿಲುಗಳನ್ನು ಮಾತ್ರ ಹತ್ತಿರುವವರಿಗೂ ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಬಂಡೆ ಮುಟ್ಟುವ ಮೊದಲೇ ಎಂಟರ ಆಕಾರದ ಗಂಟನ್ನು ಪ್ರತಿಯೊಬ್ಬರಿಂದಲೂ ಹಾಕಿಸಿ, ಕೆಳಗೆ ನಿಂತು ಹಗ್ಗ ಹಿಡಿಯುವವರ ಹೊಣೆಯನ್ನು ಮನದಟ್ಟು ಮಾಡಿಸುವುದು ಇದರ ದೊಡ್ಡ ಗುಣ. ಇಲ್ಲಿ ಹಗ್ಗವನ್ನು ಮೇಲಿನ ಆಧಾರದಿಂದ ಇಳಿಬಿಟ್ಟಿರುವುದರಿಂದ ಕೈ ಜಾರಿದರೂ ಬೀಳುವ ದೂರ ಅತ್ಯಲ್ಪ. ಹಗ್ಗವನ್ನು ಬಂಡೆಗೆ ಬಿಗಿದ ಕೊಂಡಿಗಳಿಗೆ ತಾವೇ ಸಿಕ್ಕಿಸುತ್ತ ಏರುವವರಾದರೋ ಕೊನೆಯ ಕೊಂಡಿಗಿಂತ ಎಷ್ಟು ಮೇಲಿರುತ್ತಾರೋ ಅದರ ಎರಡರಷ್ಟಾದರೂ ಕೆಳಗೆ ಬೀಳುತ್ತಾರೆ. ಈ ವ್ಯತ್ಯಾಸವನ್ನು ತರಬೇತುದಾರರು ಅವಸರವಿಲ್ಲದೆ ವಿವರಿಸಿದರು.

ಹಲ್ಲಿಯ ಬೆರಳುಗಳಲ್ಲಿರುವ ಅತಿಸೂಕ್ಷ್ಮ ರೋಮಗಳು ಗೋಡೆಯ ಅಣುಗಳೊಂದಿಗಿನ ಆಕರ್ಷಣೆಯಿಂದ ಅಂಟಿಕೊಳ್ಳುತ್ತವೆ. ನಮಗಿರುವುದು ರಬ್ಬರ್ ಅಡಿಯ ಶೂಗಳ ಘರ್ಷಣೆ ಮಾತ್ರ. ಆದ್ದರಿಂದ ತೋಳಿಗಿಂತ ಪಾದವನ್ನು ನಂಬಬೇಕೆಂಬ ತರಬೇತುದಾರರ ಒತ್ತಾಯ ಸರಿಯಾದುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಪದಕದ ಕ್ರೀಡೆಯಾದ ಆರೋಹಣದಲ್ಲಿ 15 ಮೀಟರ್ ಗೋಡೆಯನ್ನು ಕೆಲವೇ ಸೆಕೆಂಡುಗಳಲ್ಲಿ ಏರುವವರನ್ನು ಕಂಡು ಬರುವ ಮಕ್ಕಳಿಗೆ ಈ ನಿಧಾನ ಬಹಳ ಅಗತ್ಯ.

ಮಕ್ಕಳ ಅಳತೆಯ ಶೂಗಳು ಸಾಕಷ್ಟಿಲ್ಲದಿರುವುದು ಕೊರತೆಯೇ ಸರಿ. ಮಧ್ಯಾಹ್ನ ಬಂಡೆ ಕಾಯುವುದರಿಂದ ಶಿಬಿರವನ್ನು ಇನ್ನೂ ಬೇಗ ಆರಂಭಿಸಬೇಕು. ಒದ್ದೆ ಬಂಡೆಯ ಮೇಲೆ ಹಿಡಿತ ಸಿಗದ ಕಾರಣ, ಮಳೆಗಾಲ ಕಳೆದ ಮೇಲೆ ಹೆಸರು ನೋಂದಾಯಿಸುವುದು ಒಳಿತು.